ಈಗಲೂ ರೀಲ್ ಹಾಕಿ ಫೋಟೋ ತೆಗೆಯುವವರು ಯಾಕೆ ತೆಗೆಯುತ್ತಾರೆ? ದೊಡ್ಡಪ್ಪನ ಯಾಶಿಕಾ ಕೈಗೆ ಬಂದಿದೆ, ಸಲಹೆ ಬೇಕು

ಪರದೆ_ಮುಂದೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದರು. ಹೋದ ತಿಂಗಳು ಬಾಗಿಲು ಹಾಕಿದರು. ಅಂಗಡಿ ಖಾಲಿ ಮಾಡುವಾಗ ಯಾಶಿಕಾ ಮ್ಯಾಟ್ 124ಜಿ ಕ್ಯಾಮೆರಾ ನನಗೆ ಕೊಟ್ಟರು. ಜೊತೆಗೆ ಎರಡು ತಗಡಿನ ಟ್ರಂಕ್ ತುಂಬ ನೆಗೆಟಿವ್ ಇವೆ. ಅದರ ಮಾತು ಆಮೇಲೆ ಕೇಳುತ್ತೇನೆ.

ನನ್ನ ತಲೆಯಲ್ಲಿ ಒಂದು ಕೆಲಸ ಇದೆ. ನಮ್ಮ ಜಿಲ್ಲೆಯಲ್ಲಿ, ಪಕ್ಕದ ಜಿಲ್ಲೆಗಳಲ್ಲಿ ಇನ್ನೂ ಕೆಲವು ಹಳೇ ಸ್ಟುಡಿಯೋಗಳು ಉಳಿದಿವೆ. ಗುಲಾಬಿ ತೋಟ, ಮೆಟ್ಟಿಲು, ಚಂದ್ರ ಬರೆದ ಪರದೆ ಇನ್ನೂ ನೇತಾಡುತ್ತಿರುವಂಥವು. ಅಲ್ಲಿಗೆ ಹೋಗಿ, ಆ ಪರದೆ ಮುಂದೆ ಗಿರಾಕಿಯನ್ನಲ್ಲ, ಸ್ಟುಡಿಯೋ ಯಜಮಾನರನ್ನೇ ಕೂರಿಸಿ ಫೋಟೋ ತೆಗೆಯಬೇಕು. ಊರಿನವರದೆಲ್ಲ ಫೋಟೋ ತೆಗೆದವರು ಇವರು. ಇವರದೇ ಒಂದು ಒಳ್ಳೆ ಫೋಟೋ ಇರುವುದಿಲ್ಲ. ನಮ್ಮ ದೊಡ್ಡಪ್ಪನದು ಆಧಾರ್ ಕಾರ್ಡಿನ ಫೋಟೋ ಬಿಟ್ಟರೆ ನಾಲ್ಕೇ ನಾಲ್ಕು ಇವೆ.

ಇದನ್ನು ಅದೇ ಯಾಶಿಕಾದಲ್ಲಿ, ಬ್ಲ್ಯಾಕ್ ಅಂಡ್ ವೈಟ್ ರೀಲ್ ಹಾಕಿ ಮಾಡಬೇಕು ಅಂತ ಆಸೆ. ಗೆಳತಿ ಹೇಳುತ್ತಾಳೆ, "ಫೋನಿನಲ್ಲಿ ತೆಗೆದು ಮೇಲೆ ಫಿಲ್ಟರ್ ಹಾಕು, ಯಾರಿಗೆ ಗೊತ್ತಾಗುತ್ತೆ." ಅವಳ ಮಾತಿಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಈಗ ಕೆಲಸ ಮಾಡುತ್ತಿರುವ ದೊಡ್ಡ ಫೋಟೋಗ್ರಾಫರ್‌ಗಳಲ್ಲಿ ಫಿಲಂ ಬಳಸುವವರು ಯಾರು? ಅವರ ಕೆಲಸಕ್ಕೆ ಫಿಲಂ ಬೇಕೇ ಬೇಕಿತ್ತಾ, ಅಥವಾ ಅಭ್ಯಾಸವಾ?

ಕಾಫಿ_ಹೂವು

ಕ್ಯಾಮೆರಾ ಮಾತ್ರ ಯಾರಿಗೂ ಕೊಡಬೇಡಿ. ನಮ್ಮ ಮನೆಯದನ್ನು ಗುಜರಿಗೆ ಹಾಕಿ ಇಂದಿಗೂ ಕೊರಗುತ್ತಿದ್ದೇವೆ.

ಲೆಕ್ಕದ_ಮನುಷ್ಯ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ಒಂದು ರೀಲ್, ಅದನ್ನು ತೊಳೆಸುವುದು, ಸ್ಕ್ಯಾನ್ ಮಾಡಿಸುವುದು, ಎಲ್ಲ ಸೇರಿದರೆ ಸಾವಿರದ ಮೇಲೆ ಹೋಗುತ್ತೆ. ಯಾಶಿಕಾ ಮ್ಯಾಟ್‌ನಲ್ಲಿ ಒಂದು 120 ರೀಲಿಗೆ (ಅದಕ್ಕೆ ಹಾಕುವ ಅಗಲದ ರೀಲು) ಬರುವುದು 12 ಫೋಟೋ. ಕೊನೆಗೆ ಅದನ್ನು ಸ್ಕ್ಯಾನ್ ಮಾಡಿ ಫೋನಿನಲ್ಲೇ ತಾನೇ ಜನ ನೋಡುವುದು? ಸ್ಕ್ಯಾನ್ ಆದ ಮೇಲೆ ಅದು ಡಿಜಿಟಲ್ ಫೋಟೋನೇ. ಹತ್ತು ಜನ ಸ್ಟುಡಿಯೋದವರ ಬದಲು ಅದೇ ದುಡ್ಡಲ್ಲಿ ನೂರು ಜನರದು ತೆಗೆಯಬಹುದು. ಈ ಕೆಲಸದಲ್ಲಿ ಮುಖ್ಯ ಯಾವುದು? ಆ ಜನ. ಅವರಿಗೆ ವಯಸ್ಸಾಗಿದೆ, ಕಾಯುವುದಿಲ್ಲ.

ಕೆಂಪು_ಬಲ್ಬು

ಲೆಕ್ಕದ ಮನುಷ್ಯ ಸರ್, ಕೊನೆ ಮಾತು ಒಪ್ಪಿದೆ. ಆದರೆ "ಸ್ಕ್ಯಾನ್ ಆದ ಮೇಲೆ ಡಿಜಿಟಲ್ಲೇ" ಅನ್ನುವುದನ್ನು ಒಪ್ಪುವುದಿಲ್ಲ. ಕೆಲವರ ಕೆಲಸ ನೋಡಿ.

ಅಮೆರಿಕದ ಕ್ರಿಸ್ ಮಕಾ. 2003ರಲ್ಲಿ ರಾತ್ರಿಯಿಡೀ ನಕ್ಷತ್ರದ ಫೋಟೋ ತೆಗೆಯಲು ಕ್ಯಾಮೆರಾ ತೆರೆದಿಟ್ಟು ಮಲಗಿದವರು ಬೆಳಗ್ಗೆ ಏಳಲಿಲ್ಲ. ಸೂರ್ಯ ಹುಟ್ಟಿ ಲೆನ್ಸಿನೊಳಗಿಂದ ನೆಗೆಟಿವ್ ಅನ್ನೇ ಸುಟ್ಟುಬಿಟ್ಟ. ಬೇರೆಯವರಾಗಿದ್ದರೆ ಬಿಸಾಕುತ್ತಿದ್ದರು. ಇವರು ಅದನ್ನೇ ಕೆಲಸ ಮಾಡಿಕೊಂಡರು. ದೊಡ್ಡ ಕ್ಯಾಮೆರಾ ತಾನೇ ಕಟ್ಟಿ, ಫಿಲಂ ಜಾಗದಲ್ಲಿ ಫೋಟೋ ಪ್ರಿಂಟ್ ಹಾಕುವ ಹಳೇ ಬ್ರೋಮೈಡ್ ಪೇಪರ್ ಇಟ್ಟು, ಗಂಟೆಗಟ್ಟಲೆ ತೆರೆದಿಡುತ್ತಾರೆ. ಸೂರ್ಯ ಹೋದ ದಾರಿಯಲ್ಲಿ ಪೇಪರ್ ಸುಟ್ಟು ಗೀರು ಬೀಳುತ್ತದೆ, ಕೆಲವು ಕಡೆ ತೂತೇ ಆಗಿರುತ್ತದೆ. ಅದು ಸೂರ್ಯನ ಫೋಟೋ ಅಲ್ಲ, ಸೂರ್ಯನೇ ಮಾಡಿದ ಗುರುತು. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮೇಲೆ ಇದನ್ನು ಮಾಡಿದರೆ ಉಳಿಯುವುದು ಸುಟ್ಟ ಸೆನ್ಸರ್ ಮಾತ್ರ.

ಜಪಾನಿನ ಹಿರೋಶಿ ಸುಗಿಮೊಟೊ. 1970ರ ದಶಕದಿಂದ ಟಾಕೀಸುಗಳ ಫೋಟೋ ತೆಗೆಯುತ್ತಿದ್ದಾರೆ. ಸಿನಿಮಾ ಶುರುವಾದಾಗ ಶಟರ್ ತೆರೆಯುವುದು, ಮುಗಿದಾಗ ಮುಚ್ಚುವುದು, ಅಷ್ಟೇ. ಎರಡು ಗಂಟೆಯ ಕಥೆ, ಅಳು, ಹೊಡೆದಾಟ ಎಲ್ಲ ಒಂದೇ ನೆಗೆಟಿವ್ ಮೇಲೆ ಸೇರಿ ಪರದೆ ಬರೀ ಬೆಳ್ಳಗೆ ಹೊಳೆಯುತ್ತದೆ. ಆ ಬೆಳಕಿನಲ್ಲೇ ಟಾಕೀಸಿನ ಗೋಡೆ, ಕುರ್ಚಿ, ಕೆತ್ತನೆ ಕಾಣುತ್ತದೆ. ಮುಚ್ಚಿ ಪಾಳು ಬಿದ್ದ ಟಾಕೀಸುಗಳಲ್ಲೂ ಹೀಗೇ ಮಾಡಿದ್ದಾರೆ, ಪರದೆ ತಾವೇ ಹಾಕಿಸಿ, ಸಿನಿಮಾ ಬಿಡಿಸಿ.

ಮೈಸೂರು_ಮಲ್ಲಿಗೆ_ಮೊಗ್ಗು

ಸುಗಿಮೊಟೊ ಟಾಕೀಸು ಫೋಟೋ ನೋಡಿದ ದಿನ ನನಗೆ ನಮ್ಮೂರ ಟಾಕೀಸು ನೆನಪಾಗಿ ಕಣ್ಣಲ್ಲಿ ನೀರು ಬಂತು. ಈಗ ಅಲ್ಲಿ ಕಲ್ಯಾಣ ಮಂಟಪ ಇದೆ.

ಲೆಕ್ಕದ_ಮನುಷ್ಯ

ಕೆಂಪು ಬಲ್ಬು ಸರ್, ಮಕಾ ವಿಷಯ ಒಪ್ಪಿದೆ. ಅದು ಫಿಲಂ ಅಂಗಡಿಯ ಸಾಮಾನು ಇಲ್ಲದೆ ಆಗದ ಕೆಲಸ. ಆದರೆ ಸುಗಿಮೊಟೊ? ಡಿಜಿಟಲ್‌ನಲ್ಲಿ ಸಾವಿರ ಫ್ರೇಮ್ ತೆಗೆದು ಒಂದರ ಮೇಲೆ ಒಂದು ಕೂಡಿಸಿದರೆ ಅದೇ ಬರುತ್ತೆ.

ಕೆಂಪು_ಬಲ್ಬು

ಚಿತ್ರ ಹಾಗೇ ಕಾಣಬಹುದು. ಕೂಡಿಸಿದ್ದು ನೀವು. ಅವರ ನೆಗೆಟಿವ್ ಮೇಲೆ ಆ ಸಿನಿಮಾ ತಾನಾಗಿ ಬಿದ್ದಿದೆ. ನನಗೆ ಆ ವ್ಯತ್ಯಾಸ ಮುಖ್ಯ. ನಿಮಗೆ ಮುಖ್ಯ ಅಲ್ಲದಿದ್ದರೆ ಜಗಳ ಇಲ್ಲ.

ಕರಾವಳಿ_ಗಾಳಿ

ರಿಚರ್ಡ್ ಮಾಸ್ ಹೆಸರು ಯಾರೂ ಹೇಳಲಿಲ್ಲವಲ್ಲ! ಐರ್ಲೆಂಡಿನವರು. ಪೂರ್ವ ಕಾಂಗೋದ ಯುದ್ಧದ ಜಾಗಗಳಲ್ಲಿ ಕೊಡಕ್ ಏರೋಕ್ರೋಮ್ ಅನ್ನುವ ಇನ್‌ಫ್ರಾರೆಡ್ ಫಿಲಂ ಹಾಕಿ ತೆಗೆದರು. ಕಾಡು, ಗುಡ್ಡ, ಹುಲ್ಲು ಎಲ್ಲ ಕಡು ಗುಲಾಬಿ. ಬಂದೂಕು ಹಿಡಿದ ಹುಡುಗರು ಗುಲಾಬಿ ಬೆಟ್ಟದ ಮೇಲೆ ನಿಂತಿರುತ್ತಾರೆ. 2013ರಲ್ಲಿ ವೆನಿಸ್ ಬಿಯೆನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲಿ ಐರ್ಲೆಂಡ್ ಪರವಾಗಿ ತೋರಿಸಿದ್ದು ಇದನ್ನೇ.

ಪಿಕ್ಸೆಲ್_ಪುಟ್ಟ

ಹಸಿರನ್ನು ಗುಲಾಬಿ ಮಾಡುವುದು ಫೋಟೋಶಾಪಿನಲ್ಲಿ ಎರಡು ನಿಮಿಷದ ಕೆಲಸ ಅಲ್ವಾ?

ಕರಾವಳಿ_ಗಾಳಿ

ಪುಟ್ಟ, ಅಲ್ಲ. ಜೀವಂತ ಎಲೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ. ಹಸಿರು ಬಣ್ಣ ಬಳಿದ ಬಲೆ, ತಗಡು ಹಾಗೆ ಕಳಿಸುವುದಿಲ್ಲ. ಅದಕ್ಕೇ ಸೈನ್ಯದವರು ಈ ಫಿಲಂ ಬಳಸುತ್ತಿದ್ದರು, ವಿಮಾನದಿಂದ ಫೋಟೋ ತೆಗೆದು ಹಸಿರು ಮರೆಯಲ್ಲಿ ಅಡಗಿದ್ದನ್ನು ಹಿಡಿಯಲು. ಎಲೆ ಗುಲಾಬಿ, ಮರೆಯ ಬಲೆ ಬೇರೆ ಬಣ್ಣ. ಮಾಸ್ ಮಾಡಿದ್ದು ಏನೆಂದರೆ, ಅಡಗಿದ ಶತ್ರುವನ್ನು ಕಾಣಿಸಲು ಮಾಡಿದ ಫಿಲಮ್ಮನ್ನು ಜಗತ್ತು ಕಣ್ಣೆತ್ತಿ ನೋಡದ ಯುದ್ಧದ ಮುಂದೆ ಹಿಡಿದರು. ನಿಮ್ಮ ಫೋಟೋಶಾಪ್ ಹಸಿರು ಚಡ್ಡಿಯನ್ನೂ ಗುಲಾಬಿ ಮಾಡುತ್ತದೆ, ಎಲೆಯನ್ನೂ ಮಾಡುತ್ತದೆ. ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಕೊಡಕ್‌ನವರು 2009ರಲ್ಲಿ ಇದನ್ನು ನಿಲ್ಲಿಸಿದರು. ಉಳಿದ ರೀಲುಗಳನ್ನು ಹುಡುಕಿ ಹುಡುಕಿ ತಂದು ಮಾಡಿದ ಕೆಲಸ ಅದು.

ಪಿಕ್ಸೆಲ್_ಪುಟ್ಟ

ಇದು ನನಗೆ ಗೊತ್ತಿರಲಿಲ್ಲ. ಥ್ಯಾಂಕ್ಸ್ ಅಣ್ಣಾ. ಅಂದಹಾಗೆ ಕೊಡಕ್ ಕಂಪನಿನೇ ಮುಚ್ಚಿಹೋಯಿತಲ್ವಾ?

ಕೆಂಪು_ಬಲ್ಬು

ಮುಚ್ಚಿಲ್ಲ. 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, 2013ರಲ್ಲಿ ಅದರಿಂದ ಹೊರಬಂತು. ಅಮೆರಿಕದ ರಾಚೆಸ್ಟರ್‌ನಲ್ಲಿ ಇವತ್ತಿಗೂ ಫಿಲಂ ತಯಾರಾಗುತ್ತಿದೆ. ನಿಲ್ಲಿಸಿದ್ದ ಎಕ್ಟಾಕ್ರೋಮ್ ಅನ್ನುವ ಬಣ್ಣದ ಫಿಲಮ್ಮನ್ನು 2018ರಲ್ಲಿ ಮತ್ತೆ ತಂದರು. ಇಂಗ್ಲೆಂಡಿನಲ್ಲಿ ಇಲ್ಫೋರ್ಡ್ ಬ್ಲ್ಯಾಕ್ ಅಂಡ್ ವೈಟ್ ಇದೆ. ಪೆಂಟಾಕ್ಸ್‌ನವರು 2024ರಲ್ಲಿ ಹೊಸ ಫಿಲಂ ಕ್ಯಾಮೆರಾನೇ ಬಿಟ್ಟರು.

ನೀಲಗಿರಿ_ರೈಲು

ಊಟಿಯ "ಇಂದು" ಫಿಲಂ ನೆನಪಿರುವವರು ಇದ್ದೀರಾ? ಹಿಂದೂಸ್ತಾನ್ ಫೋಟೋ ಫಿಲಂಸ್, 1960ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ. ನಮ್ಮ ಮಾವ ಗುಂಡ್ಲುಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದರು, 120 ರೀಲ್ ಅಂದರೆ ಅದೇ. ನಮ್ಮದೇ ದೇಶದ ಫಿಲಂ ಅಂತ ಒಂದು ಇತ್ತು. ಅದು ಹೋಯಿತು ಅನ್ನುವುದು ನನಗೆ ಇಂದಿಗೂ ನೋವು.

ತುಂಗೆಯ_ದಡ

ಹೌದು! ಡಬ್ಬದ ಮೇಲೆ ಇಂದು ಅಂತ ಬರೆದಿರುತ್ತಿತ್ತು. ಆಸ್ಪತ್ರೆಯ ಎಕ್ಸ್‌ರೇ ಫಿಲಮ್ಮೂ ಅವರದೇ ಬರುತ್ತಿತ್ತು.

ಪಿಕ್ಸೆಲ್_ಪುಟ್ಟ

ಫಿಲಂ ಮೇಲೆ ಜೆಲಾಟಿನ್ ಇರುತ್ತೆ, ಅದು ಪ್ರಾಣಿಯ ಮೂಳೆಯಿಂದ ಮಾಡೋದು ಅಂತ ಓದಿದೆ. ನಿಜವಾ? ನಮ್ಮ ಮನೆಯಲ್ಲಿ ಶುದ್ಧ ಸಸ್ಯಾಹಾರ, ಅಜ್ಜಿಗೆ ಗೊತ್ತಾದರೆ ಕ್ಯಾಮೆರಾ ಮನೆಯೊಳಗೆ ಬಿಡುವುದಿಲ್ಲ.

ಕೆಂಪು_ಬಲ್ಬು

ನಿಜ. ದನದ ಮೂಳೆ, ಚರ್ಮದಿಂದ ಬರುವ ಜೆಲಾಟಿನ್. ಬೆಳ್ಳಿಯ ಹರಳುಗಳನ್ನು ಹಿಡಿದಿಡುವುದು ಅದೇ. ಅಜ್ಜಿಯ ಮಾತ್ರೆಯ ಕ್ಯಾಪ್ಸೂಲೂ ಹೆಚ್ಚಾಗಿ ಅದರದೇ.

ಧಾರವಾಡ_ಮಳಿ

ವಿಷಯಕ್ಕೆ ಬರೋಣ್ರಿ. ನಮ್ಮ ದೇಶದವರನ್ನೇ ಬಿಟ್ಟು ಎಲ್ಲೆಲ್ಲೋ ಹೋಗಿದ್ದೀರಿ. ದಯಾನಿತಾ ಸಿಂಗ್ ಅವರ ಕೆಲಸ ನೋಡ್ರಿ. ಅವರ ಕಪ್ಪು ಬಿಳುಪಿನ ಕೆಲಸ ಬಹುಪಾಲು ಹ್ಯಾಸಲ್‌ಬ್ಲಾಡ್ ಕ್ಯಾಮೆರಾದಲ್ಲಿ, ಫಿಲಂ ಮೇಲೆ ಆದದ್ದು. 2020ರಲ್ಲಿ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಬಂತು. ಫೋಟೋಗ್ರಫಿಯಲ್ಲಿ ಅದಕ್ಕಿಂತ ದೊಡ್ಡದು ಬಹಳ ಇಲ್ಲ.

ಅವರ "ಫೈಲ್ ರೂಮ್" ನನಗೆ ಬಹಳ ಸೇರುತ್ತದೆ. ಸರ್ಕಾರಿ ದಾಖಲೆ ಕೋಣೆಗಳು. ಚಾವಣಿವರೆಗೂ ಕಟ್ಟು ಕಟ್ಟು ಕಾಗದ, ಬಟ್ಟೆಯಲ್ಲಿ ಗಂಟು ಹಾಕಿದ್ದು, ಕಬ್ಬಿಣದ ಕಪಾಟು, ನಡುವೆ ಒಬ್ಬ ಗುಮಾಸ್ತೆ. ನಾನು ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು. ಆ ಧೂಳಿನ ವಾಸನೆ ನನಗೆ ಗೊತ್ತು. ಒಂದು ಪಹಣಿ ಹುಡುಕಲು ಆ ಗಂಟು ಬಿಚ್ಚಿ ಮತ್ತೆ ಕಟ್ಟುವುದು, ಅಂಚು ಮುಟ್ಟಿದರೆ ಪುಡಿ ಪುಡಿ. ಆ ಫೋಟೋಗಳಲ್ಲಿ ಕಾಗದದ ಅಂಚು ಒಂದೊಂದೂ ಎಣಿಸುವ ಹಾಗೆ ಕಾಣುತ್ತದೆ. ಕಾಗದದ ಕಥೆಯನ್ನು ಫಿಲಂ ಮೇಲೆ ಹೇಳಿದ್ದು ಸರಿ ಅನ್ನಿಸಿತು. ಎರಡೂ ಕೈಯಲ್ಲಿ ಹಿಡಿಯುವ ವಸ್ತು, ಎರಡೂ ಹಾಳಾಗುವ ವಸ್ತು.

ಅರಳಿಕಟ್ಟೆ

ಅಕ್ಕಾ, ಚಿಕ್ಕ ತಿದ್ದುಪಡಿ. ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಬಂದದ್ದು 2022ರಲ್ಲಿ. ಇನ್ನೊಂದು ಸೇರಿಸುತ್ತೇನೆ. ಅವರು ಫೋಟೋ ಗೋಡೆಗೆ ನೇತುಹಾಕಿ ಸುಮ್ನೆ ಇರುವವರಲ್ಲ. ಮರದ ದೊಡ್ಡ ಚೌಕಟ್ಟು ಮಾಡಿಸಿ, ಮಡಚುವ ಬಾಗಿಲಿನ ಹಾಗೆ, ಒಳಗಿನ ಫೋಟೋಗಳನ್ನು ಆಗಾಗ ಬದಲಾಯಿಸುತ್ತಾರೆ. ಅದಕ್ಕೆ ಮ್ಯೂಸಿಯಂ ಅಂತಲೇ ಹೆಸರು. 2017ರ "ಮ್ಯೂಸಿಯಂ ಭವನ್" ಒಂದು ಡಬ್ಬದಲ್ಲಿ ಒಂಬತ್ತು ಪುಟ್ಟ ಪುಸ್ತಕ, ಬೀಸಣಿಗೆ ಹಾಗೆ ಬಿಚ್ಚುವಂಥವು. ಮನೆಯ ಮೇಜಿನ ಮೇಲೆ ನೀವೇ ಒಂದು ಪ್ರದರ್ಶನ ಹೂಡಬಹುದು.

ಧಾರವಾಡ_ಮಳಿ

2022, ಸರಿ. ತಿದ್ದಿದ್ದಕ್ಕೆ ಥ್ಯಾಂಕ್ಸ್ ತಮ್ಮಾ.

ಅರಳಿಕಟ್ಟೆ

ಪರದೆ ಮುಂದೆ ಅವರೇ, ನಿಮ್ಮ ಕೆಲಸಕ್ಕೆ ಹತ್ತಿರ ಬರುವುದು ಗೌರಿ ಗಿಲ್ ಅವರ "ಬಾಲಿಕಾ ಮೇಳ". ಅವರು 1999ರಿಂದ ರಾಜಸ್ಥಾನದ ಮರುಭೂಮಿಯ ಹಳ್ಳಿಗಳಲ್ಲಿ ಕಪ್ಪು ಬಿಳುಪು ಫಿಲಂನಲ್ಲಿ ಕೆಲಸ ಮಾಡಿದ್ದಾರೆ. ಅದೇ ಕೆಲಸಕ್ಕೆ 2023ರಲ್ಲಿ ಪ್ರಿ ಪಿಕ್ಟೆ ಅನ್ನುವ ಫೋಟೋಗ್ರಫಿ ಪ್ರಶಸ್ತಿ ಬಂತು. ಬಿಕಾನೇರ್ ಜಿಲ್ಲೆಯ ಲೂಣಕರಣಸರ್‌ನಲ್ಲಿ 2003ರಲ್ಲಿ ಹೆಣ್ಣುಮಕ್ಕಳ ಮೇಳ ನಡೆದಾಗ ಇವರು ಒಂದು ಫೋಟೋ ಟೆಂಟ್ ಹಾಕಿದರು. ಬರುವ ಹುಡುಗಿಯರು ಹೇಗೆ ನಿಲ್ಲಬೇಕು ಅಂತ ತಾವೇ ತೀರ್ಮಾನ ಮಾಡಿದರು. ಒಬ್ಬಳು ಗೆಳತಿಯ ಕೈ ಹಿಡಿದು, ಒಬ್ಬಳು ಪೇಪರ್ ಟೊಪ್ಪಿ ಹಾಕಿ. ಊರಲ್ಲಿ ಯಾರದಾದರೂ ಒತ್ತಾಯಕ್ಕೆ ಕ್ಯಾಮೆರಾ ಮುಂದೆ ನಿಲ್ಲುತ್ತಿದ್ದ ಮಕ್ಕಳು ಇಲ್ಲಿ ತಮಗೆ ಬೇಕಾದ ಹಾಗೆ ನಿಂತರು. ಆಮೇಲೆ ಕೆಲವು ಹುಡುಗಿಯರು ಫೋಟೋ ತೆಗೆಯುವುದನ್ನೂ ಕಲಿತರು.

ಸ್ಟುಡಿಯೋ ಯಜಮಾನರಿಗೂ ಅದೇ ಅವಕಾಶ ಕೊಡಿ. ಎಲ್ಲಿ ಕೂರಬೇಕು, ಯಾವ ಪರದೆ, ಯಾವ ಲೈಟ್, ಅವರೇ ಹೇಳಲಿ.

ಲೆಕ್ಕದ_ಮನುಷ್ಯ

ಈಗ ನನ್ನ ಕಡೆಯ ಸಾಕ್ಷಿ. ಕೇತಕಿ ಶೇಠ್ ಅಂತ ಮುಂಬೈನವರು. ದಶಕಗಟ್ಟಲೆ ಕಪ್ಪು ಬಿಳುಪು ಫಿಲಂ ಬಿಟ್ಟು ಬೇರೆ ಮುಟ್ಟದವರು. ಪಟೇಲ್ ಅವಳಿ ಮಕ್ಕಳ ಫೋಟೋ, ಸಿದ್ದಿ ಜನರ ಫೋಟೋ ಎಲ್ಲ ಫಿಲಂ. ಅಂಥವರು ದೇಶದ ಹಳೇ ಫೋಟೋ ಸ್ಟುಡಿಯೋಗಳ ಮೇಲೆ ಕೆಲಸ ಮಾಡಲು ಹೊರಟಾಗ ಮೊದಲ ಸಲ ಡಿಜಿಟಲ್ ಹಿಡಿದರು, ಬಣ್ಣದಲ್ಲಿ ಮಾಡಿದರು. 2018ರಲ್ಲಿ ಪುಸ್ತಕ ಬಂತು. ಪರದೆ ಮುಂದೆ ಮೇಡಂ, ವಿಷಯ ನಿಮ್ಮದೇ, ಹಳೇ ಸ್ಟುಡಿಯೋ! ಆ ಪರದೆಗಳ ನೀಲಿ, ಗುಲಾಬಿ, ಪ್ಲಾಸ್ಟಿಕ್ ಹೂವಿನ ಕೆಂಪು ಇವೆಲ್ಲ ಬಣ್ಣದಲ್ಲೇ ಇರುವುದು. ಕಪ್ಪು ಬಿಳುಪಿನಲ್ಲಿ ಅರ್ಧ ಕಥೆ ಹೋಗುತ್ತದೆ.

ಪರದೆ_ಮುಂದೆ

ಇದು ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿತು ಸರ್. ನಮ್ಮ ದೊಡ್ಡಪ್ಪನ ಪರದೆ ಆಕಾಶ ನೀಲಿ. ಆದರೆ ಅವರು ಆ ಪರದೆ ಮುಂದೆ ಮೊದಲ ಹದಿನೈದು ವರ್ಷ ತೆಗೆದದ್ದೆಲ್ಲ ಬ್ಲ್ಯಾಕ್ ಅಂಡ್ ವೈಟ್. ಪರದೆ ನೀಲಿ ಅಂತ ಗೊತ್ತಿದ್ದದ್ದು ಬಂದು ಕೂತವರಿಗೆ ಮಾತ್ರ. ಮನೆಗೆ ಹೋದ ಫೋಟೋದಲ್ಲಿ ಅದು ಬೂದು.

ತುಂಗೆಯ_ದಡ

ಈ ಮಾತಿಗೆ ನನ್ನ ಕೈ ಮೇಲೆ. ಶಿವಮೊಗ್ಗದಲ್ಲಿ ನಮ್ಮ ತಂದೆಯದೂ ಸ್ಟುಡಿಯೋ. ನಾನು ಶಾಲೆಯಿಂದ ಬಂದು ಮಾಡುತ್ತಿದ್ದ ಕೆಲಸ ಟಚಿಂಗ್ ನೋಡುವುದು. ಇಳಿಜಾರು ಡೆಸ್ಕು, ನಡುವೆ ಹಾಲುಗಾಜು, ಕೆಳಗೆ ಕನ್ನಡಿ ಇಟ್ಟು ಕಿಟಕಿಯ ಬೆಳಕನ್ನು ಮೇಲಕ್ಕೆ ಕಳಿಸುವುದು. ಗಾಜಿನ ಮೇಲೆ ನೆಗೆಟಿವ್. ಅಪ್ಪ ಪೆನ್ಸಿಲನ್ನು ಸೂಜಿಯ ಹಾಗೆ ಚೂಪು ಮಾಡಿ, ಕಣ್ಣಿಗೆ ಭೂತಗನ್ನಡಿ ಹಿಡಿದು, ಮುಖದ ಕಲೆಯ ಮೇಲೆ ಚುಕ್ಕಿ ಚುಕ್ಕಿ ಇಡುತ್ತಿದ್ದರು. ನೆಗೆಟಿವ್‌ನಲ್ಲಿ ಕಲೆ ತೆಳ್ಳಗೆ ಇರುತ್ತದೆ, ಅದನ್ನು ಪೆನ್ಸಿಲ್ಲಿನಿಂದ ತುಂಬಿದರೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಮದುವೆಗೆ ಹುಡುಗಿ ತೋರಿಸುವ ಫೋಟೋ ಅಂದರೆ ಒಂದಕ್ಕೆ ಅರ್ಧ ಗಂಟೆ. ಉಸಿರು ಬಿಗಿ ಹಿಡಿದು ಮಾಡುತ್ತಿದ್ದರು, ಕೆಮ್ಮು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು.

ಪರದೆ ಮುಂದೆ ಅಕ್ಕಾ, ನೀವು ನೆಗೆಟಿವ್ ತಂದರೆ ಆ ಯಜಮಾನರಲ್ಲಿ ಒಬ್ಬರಾದರೂ ತಮ್ಮದೇ ಮುಖಕ್ಕೆ ಟಚಿಂಗ್ ಮಾಡಿಕೊಡಬಹುದು. ಯೋಚನೆ ಮಾಡಿ. ಆ ಕೈಕೆಲಸ ಕಡೆಯ ಸಲ ನೋಡುವ ಅವಕಾಶ. ಫೋನಿನ ಫೋಟೋ ಮೇಲೆ ಪೆನ್ಸಿಲ್ ಇಡಲು ಆಗುವುದಿಲ್ಲ.

ಕೆಂಪು_ಬಲ್ಬು

ಇದೇ ಉತ್ತರ! ಇಲ್ಲಿ ಫಿಲಂ ಬೇಕೇ ಬೇಕು.

ಲೆಕ್ಕದ_ಮನುಷ್ಯ

ತುಂಗೆಯ ದಡ ಅವರು ಹೇಳಿದ್ದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಹಾಗೆ ಮಾಡುವುದಾದರೆ ಫಿಲಂ ಸರಿ. ಆದರೂ ಪರದೆಯ ಬಣ್ಣಕ್ಕೆ ಫೋನಿನಲ್ಲಿ ಒಂದೊಂದು ತೆಗೆದಿಡಿ. ಖರ್ಚಿಲ್ಲ.

ಪರದೆ_ಮುಂದೆ

ಖಂಡಿತ ತೆಗೆಯುತ್ತೇನೆ ಸರ್. ಟಚಿಂಗ್ ಮಾತು ನನಗೆ ಹೊಳೆದೇ ಇರಲಿಲ್ಲ.

ಯಲ್ಲಾಪುರ_ಕಾಡು

ಕೇತಕಿ ಶೇಠ್ ಅವರ ಸಿದ್ದಿಗಳ ಪುಸ್ತಕದ ಮಾತು ಬಂತಲ್ಲ. ಅದರಲ್ಲಿ ಗುಜರಾತಿನ ಸಿದ್ದಿಗಳದ್ದೇ ಜಾಸ್ತಿ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿಗಳ ಮನೆಯಲ್ಲಿ ಹೋಗಿ ವರ್ಷಗಟ್ಟಲೆ ಇದ್ದು ತೆಗೆಯುವವರು ಬೇಕು. ಹಬ್ಬಕ್ಕೆ ಬಂದು ಡಮಾಮಿ ಕುಣಿತ ತೆಗೆದುಕೊಂಡು ಸಂಜೆ ಬಸ್ಸಿಗೆ ಹೋಗುವವರೇ ಬಹಳ.

ಮ್ಯಾಂಚೆಸ್ಟರ್_ಮನೆ

ಇಲ್ಲಿಂದ ಒಂದು ಕಥೆ. ನಮ್ಮಿಂದ ಸ್ವಲ್ಪ ದೂರದಲ್ಲಿ ಪ್ರೆಸ್ಟನ್ ಅನ್ನುವ ಊರಿದೆ. ಅಲ್ಲಿ ಕಾಂಕ್ರೀಟಿನ ದೊಡ್ಡ ಬಸ್ ಸ್ಟ್ಯಾಂಡ್ ಇದೆ. ಕೆಡವಬೇಕು ಅಂತ ಮಾತು ನಡೆದಾಗ ಜೇಮೀ ಹಾಕ್ಸ್‌ವರ್ತ್ ಅನ್ನುವ ಫೋಟೋಗ್ರಾಫರ್ 2013ರಲ್ಲಿ ಒಂದು ತಿಂಗಳು ದಿನಾ ಅಲ್ಲಿ ಸುತ್ತಿದರು. ಬಸ್ಸಿಗೆ ಕಾಯುವ ಹುಡುಗರು, ಮುದುಕರು, ಕಿಟಕಿಯಿಂದ ಬೀಳುವ ಹಳದಿ ಬಿಸಿಲು. ಅದೇ ವರ್ಷ ಕಟ್ಟಡಕ್ಕೆ ಸಂರಕ್ಷಣೆ ಸಿಕ್ಕಿತು, ಅದಕ್ಕೆ ಬೇರೆಯವರ ಹೋರಾಟ ಕಾರಣ. ಇವರು ಮೊದಲು ಅಪರಾಧ ವಿಜ್ಞಾನ ಓದಲು ಹೋಗಿ ಅಲ್ಲಿ ಕ್ಯಾಮೆರಾ ಹಿಡಿದವರು. ಈಗಲೂ ಫಿಲಂ, ಬಣ್ಣದ ಪ್ರಿಂಟನ್ನು ಕತ್ತಲೆ ಕೋಣೆಯಲ್ಲಿ ತಾವೇ ಮಾಡುತ್ತಾರೆ. ದೊಡ್ಡ ದೊಡ್ಡ ಫ್ಯಾಷನ್ ಕಂಪನಿಗಳ ಕೆಲಸ ಮಾಡುತ್ತಲೇ 13 ವರ್ಷ ಬ್ರಿಟನ್ ತಿರುಗಿ ತೆಗೆದ ಫೋಟೋಗಳ ಪುಸ್ತಕ 2021ರಲ್ಲಿ ಬಂತು.

ನಾನು ಆ ಬಸ್ ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಇಳಿದಿದ್ದೇನೆ. ಫೋಟೋ ನೋಡಿದ ಮೇಲೆ ಮೊದಲ ಸಲ ತಲೆ ಎತ್ತಿ ಚಾವಣಿ ನೋಡಿದೆ.

ಮೈಸೂರು_ಮಲ್ಲಿಗೆ_ಮೊಗ್ಗು

ಪರದೆ, ಸ್ಟುಡಿಯೋ ಅಂದಮೇಲೆ ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಅವರನ್ನು ಮರೆತರೆ ಹೇಗೆ? 2000ದಿಂದ 2004ರವರೆಗೆ ಕ್ಲೇರ್ ಆರ್ನಿ ಜೊತೆ ಮಾಡಿದ ದಕ್ಷಿಣ ಭಾರತದ ಹೆಂಗಸರ ಸರಣಿ. ಸೆಟ್ ಹಾಕಿ, ಪರದೆ ಬರೆಸಿ, ತಾವೇ ವೇಷ ಹಾಕಿ ನಿಂತರು. ರವಿವರ್ಮನ ಲಕ್ಷ್ಮಿಯೂ ಅವರೇ, ಪತ್ರಿಕೆಯಲ್ಲಿ ಬಂದ ಸರಗಳ್ಳಿಯೂ ಅವರೇ. ಬ್ರಿಟಿಷರ ಕಾಲದಲ್ಲಿ ಚೌಕಳಿ ಹಲಗೆ ಮುಂದೆ ನಿಲ್ಲಿಸಿ ಅಳತೆ ತೆಗೆಯುತ್ತಿದ್ದ ಹಾಗೆಯೂ ನಿಂತಿದ್ದಾರೆ. ಕ್ಯಾಮೆರಾ ಮುಂದೆ ಹೆಣ್ಣನ್ನು ಯಾರು ಯಾಕೆ ನಿಲ್ಲಿಸಿದರು ಅಂತ ಕೇಳುವ ಕೆಲಸ ಅದು.

ಕರಾವಳಿ_ಗಾಳಿ

ಸ್ಯಾಮ್ಯುಯೆಲ್ ಫೊಸ್ಸೊ ಕೂಡ. 1975ರಲ್ಲಿ, ಹದಿಮೂರು ವರ್ಷದ ಹುಡುಗ, ಮಧ್ಯ ಆಫ್ರಿಕಾದ ಬಾಂಗಿಯಲ್ಲಿ ಸ್ವಂತ ಸ್ಟುಡಿಯೋ ತೆರೆದ. ಹಗಲೆಲ್ಲ ಗಿರಾಕಿಗಳ ಪಾಸ್‌ಪೋರ್ಟ್ ಫೋಟೋ, ಮದುವೆ ಫೋಟೋ. ಸಂಜೆ ರೀಲಿನಲ್ಲಿ ಉಳಿದ ನಾಲ್ಕಾರು ಫ್ರೇಮ್ ದಂಡ ಆಗಬಾರದು ಅಂತ ತನ್ನದೇ ಫೋಟೋ ತೆಗೆದುಕೊಳ್ಳುತ್ತಿದ್ದ. ಬೆಲ್ ಬಾಟಂ, ದೊಡ್ಡ ಕನ್ನಡಕ, ಎತ್ತರದ ಶೂ. ನೈಜೀರಿಯಾದಲ್ಲಿದ್ದ ಅಜ್ಜಿಗೆ ಕಳಿಸಲು. ಆ ಫೋಟೋಗಳೇ ಮುಂದೆ ಜಗತ್ತಿಗೆ ಗೊತ್ತಾದವು. 2014ರ ಗಲಭೆಯಲ್ಲಿ ಅವರ ಮನೆ ಲೂಟಿ ಆಗಿ ನೆಗೆಟಿವ್‌ಗಳು ಬೀದಿಯಲ್ಲಿ ಬಿದ್ದಿದ್ದವು. ಅಲ್ಲಿದ್ದ ಪತ್ರಿಕಾ ಫೋಟೋಗ್ರಾಫರ್‌ಗಳು ಆಯ್ದು ಉಳಿಸಿದರು.

ಅಂದರೆ, ರೀಲು ಮುಗಿಸಬೇಕು ಅನ್ನುವ ಅಗತ್ಯದಿಂದಲೇ ಹುಟ್ಟಿದ ಕೆಲಸ ಅದು. ಮೆಮೊರಿ ಕಾರ್ಡ್ ಇದ್ದಿದ್ದರೆ ಉಳಿದ ಫ್ರೇಮ್ ಅನ್ನುವ ಮಾತೇ ಇರುತ್ತಿರಲಿಲ್ಲ.

ಪರದೆ_ಮುಂದೆ

ಬೀದಿಯಲ್ಲಿ ಬಿದ್ದ ನೆಗೆಟಿವ್ ಅಂದಿರಿ, ನನ್ನ ಎರಡನೇ ಪ್ರಶ್ನೆಗೆ ಬಂದೆ. ಆ ಎರಡು ಟ್ರಂಕ್. ಗುಜರಿಯವನು ಬಂದು ತೂಕಕ್ಕೆ ಕೇಳುತ್ತಿದ್ದಾನೆ, ಬೆಳ್ಳಿ ತೆಗೆಯುತ್ತಾರಂತೆ. ದೊಡ್ಡಪ್ಪ "ಕೊಟ್ಟುಬಿಡು, ಯಾರು ಬಂದು ಕೇಳುತ್ತಾರೆ ಇನ್ನು" ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ.

ಅರಳಿಕಟ್ಟೆ

ಕೊಡಬೇಡಿ! ಚೀನಾದಲ್ಲಿ ಇದೇ ಆಗಿದ್ದು. ತೋಮಾ ಸೋವಾಂ ಅನ್ನುವ ಫ್ರೆಂಚ್ ಮನುಷ್ಯ 2009ರಿಂದ ಬೀಜಿಂಗ್ ಪಕ್ಕದಲ್ಲಿ ಬೆಳ್ಳಿಗಾಗಿ ಕರಗಿಸಲು ಬರುತ್ತಿದ್ದ ನೆಗೆಟಿವ್‌ಗಳನ್ನು ಕಿಲೋ ಲೆಕ್ಕದಲ್ಲಿ ಕೊಂಡರು. ಐದು ಲಕ್ಷಕ್ಕೂ ಹೆಚ್ಚು. ಅದಕ್ಕೆ ಬೀಜಿಂಗ್ ಸಿಲ್ವರ್‌ಮೈನ್ ಅಂತ ಹೆಸರಿಟ್ಟರು. ಮೊದಲ ಫ್ರಿಜ್ ಪಕ್ಕ ನಿಂತ ಹೆಂಗಸರು, ಸಮುದ್ರ ನೋಡಲು ಹೋದ ಕುಟುಂಬಗಳು. 1985ರಿಂದ ಸುಮಾರು 20 ವರ್ಷದ ಸಾಮಾನ್ಯ ಜನರ ಬದುಕು ಅದರಲ್ಲಿ ಉಳಿಯಿತು. ಒಂದು ಕ್ಲಿಕ್ಕನ್ನೂ ತಾನು ಮಾಡದೆ ಅವರು ಕಟ್ಟಿದ ಕೆಲಸ ಅದು.

ಧಾರವಾಡ_ಮಳಿ

ಇಡ್ರಿ, ಆದರೆ ಒಂದು ಮಾತು. ಆ ನೆಗೆಟಿವ್‌ನಲ್ಲಿ ಇರುವವರು ನಿಮ್ಮೂರ ಮಂದಿ. ಮದುವೆ ಮುರಿದವರು ಇರುತ್ತಾರೆ, ತೀರಿಹೋದ ಮಕ್ಕಳ ಫೋಟೋ ಇರುತ್ತದೆ. ಎಲ್ಲೂ ಹಾಕುವ ಮೊದಲು ಆ ಮನೆಯವರನ್ನು ಕೇಳಬೇಕು. ಬೀಜಿಂಗಿನಲ್ಲಿ ಯಾರು ಯಾರೆಂದು ಯಾರಿಗೂ ಗೊತ್ತಿಲ್ಲ. ನಿಮ್ಮೂರಲ್ಲಿ ಎಲ್ಲರಿಗೂ ಗೊತ್ತು.

ಪರದೆ_ಮುಂದೆ

ಸರಿಯಾದ ಮಾತು ಅಕ್ಕಾ. ದೊಡ್ಡಪ್ಪನ ಹತ್ತಿರ ನಂಬರ್ ಹಾಕಿದ ರಿಜಿಸ್ಟರ್ ಇದೆ. ಮನೆ ಮನೆಗೆ ಹೋಗಿ ಕೇಳುತ್ತೇನೆ. ಬೇಕು ಅಂದವರಿಗೆ ಅವರ ನೆಗೆಟಿವ್ ಅವರಿಗೇ ಕೊಡುತ್ತೇನೆ.

ಕೆಂಪು_ಬಲ್ಬು

ಟ್ರಂಕ್ ತೆರೆದ ಕೂಡಲೇ ಮೂಗಿಟ್ಟು ನೋಡಿ. ಹುಳಿ ಹುಳಿ, ವಿನೆಗರ್ ವಾಸನೆ ಬಂದರೆ ಆ ಫಿಲಂ ಕೊಳೆಯಲು ಶುರುವಾಗಿದೆ. ಅವನ್ನು ಬೇರೆ ಮಾಡಿ, ಉಳಿದವಕ್ಕೂ ಹರಡುತ್ತದೆ. ತಗಡಿನ ಟ್ರಂಕ್ ಮುಚ್ಚಿ ಇಡಬೇಡಿ, ಗಾಳಿ ಆಡಬೇಕು. ಮಳೆಗಾಲದಲ್ಲಿ ನೆಲದ ಮೇಲೆ ಇಡಲೇಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ, ಅಂಚು ಹಿಡಿಯಿರಿ.

ಕ್ಯಾಮೆರಾ ವಿಷಯ: 124ಜಿ ಒಳಗಿನ ಮೀಟರ್ ಹಳೇ ಪಾದರಸದ ಬ್ಯಾಟರಿಗೆ ಮಾಡಿದ್ದು, ಅದು ಈಗ ಸಿಗುವುದಿಲ್ಲ. ಫೋನಿನ ಲೈಟ್ ಮೀಟರ್ ಆ್ಯಪ್ ಸಾಕು. ಸ್ಟುಡಿಯೋ ಒಳಗೆ ಕತ್ತಲು, ಕಡಿಮೆ ಬೆಳಕಿಗೂ ಆಗುವ 400ರ ರೀಲ್ ಹಾಕಿ, ಸ್ಟ್ಯಾಂಡ್ ಬಳಸಿ. ವಿಮಾನದಲ್ಲಿ ಹೋದರೆ ರೀಲನ್ನು ಲಗೇಜಿಗೆ ಹಾಕಬೇಡಿ, ಕೈಯಲ್ಲಿಟ್ಟು ಕೈಯಿಂದಲೇ ತಪಾಸಣೆ ಮಾಡಿ ಅಂತ ಕೇಳಿ.

ಕಾಫಿ_ಹೂವು

ರೀಲ್ ಮನೆಯಲ್ಲೇ ತೊಳೆಯಿರಿ. ನಾನು ಒಂದು ಲ್ಯಾಬಿಗೆ ಕೊಟ್ಟ ರೀಲನ್ನು ಫ್ರೇಮಿನ ನಡುವೆಯೇ ಕತ್ತರಿಸಿ ಕೊಟ್ಟರು. ಮಗಳ ನಾಮಕರಣದ ಫೋಟೋ. ಅವತ್ತಿಂದ ಸ್ವಂತವೇ. ನಾನು ಕಾಫಿಯಲ್ಲಿ ತೊಳೆಯುತ್ತೇನೆ. ಒಂದು ಲೀಟರ್ ನೀರಿಗೆ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. 20 ಡಿಗ್ರಿಯಲ್ಲಿ 15 ನಿಮಿಷ. ಅಮೆರಿಕದ ರಾಚೆಸ್ಟರ್‌ನ ಒಂದು ತರಗತಿಯಲ್ಲಿ 1995ರಲ್ಲಿ ಶುರುವಾದ ವಿಧಾನ.

ಪಿಕ್ಸೆಲ್_ಪುಟ್ಟ

ಸೋಡಾ ಅಂದರೆ ಅಡುಗೆ ಸೋಡಾನಾ? ಫಿಲ್ಟರ್ ಕಾಫಿ ಆಗುತ್ತಾ?

ಕಾಫಿ_ಹೂವು

ಅಡುಗೆ ಸೋಡಾ ಅಲ್ಲವೇ ಅಲ್ಲ! ಬಟ್ಟೆ ಒಗೆಯುವ ವಾಷಿಂಗ್ ಸೋಡಾ. ಫಿಲ್ಟರ್ ಕಾಫಿ ಕುಡಿಯಲು ಇಟ್ಟುಕೊಳ್ಳಿ, ಇದಕ್ಕೆ ಅಗ್ಗದ ಇನ್‌ಸ್ಟಂಟ್ ಪುಡಿಯೇ ಒಳ್ಳೆಯದು. ವಾಸನೆ ಕೆಟ್ಟದಾಗಿರುತ್ತೆ, ಕಿಟಕಿ ತೆರೆದಿಡಿ. ಆಮೇಲೆ ಚಿತ್ರ ಅಳಿಯದ ಹಾಗೆ ನಿಲ್ಲಿಸುವ ಹೈಪೋದಲ್ಲಿ ಹಾಕುವುದು ಮಾಮೂಲಿ.

ಕೆಂಪು_ಬಲ್ಬು

ಬೇಸಿಗೆಯಲ್ಲಿ ನಲ್ಲಿ ನೀರು 20 ಡಿಗ್ರಿ ಇರುವುದಿಲ್ಲ. ಬಾಟಲಿಗಳನ್ನು ಐಸ್ ಹಾಕಿದ ಬಕೆಟ್ಟಿನಲ್ಲಿ ಇಡಿ, ಥರ್ಮಾಮೀಟರ್ ಬಿಡಬೇಡಿ. ಮೊದಲ ರೀಲು ಮಾತ್ರ ಕಾಫಿಯಲ್ಲಿ ಬೇಡ, ಅಂಗಡಿಯಲ್ಲಿ ಸಿಗುವ, ರೀಲ್ ತೊಳೆಯುವ ಡಿ-76 ಪುಡಿ ತನ್ನಿ. ಆ ಯಜಮಾನರು ಮತ್ತೆ ಕೂರುತ್ತಾರೋ ಇಲ್ಲವೋ.

ಪರದೆ_ಮುಂದೆ (ಹನ್ನೊಂದು ದಿನದ ನಂತರ)

ಮೊದಲನೆಯದು ಆಯಿತು. ನಮ್ಮೂರಿಂದ ಮೂವತ್ತು ಕಿಲೋಮೀಟರ್ ದೂರದ ಸ್ಟುಡಿಯೋ. ಯಜಮಾನರಿಗೆ ಎಪ್ಪತ್ತೆಂಟು. ಈಗ ಝೆರಾಕ್ಸ್, ಪಾಸ್‌ಪೋರ್ಟ್ ಫೋಟೋ ಮಾತ್ರ. ಹಿಂದಿನ ಕೋಣೆಯಲ್ಲಿ ಪರದೆ ಇನ್ನೂ ಇದೆ. ಕೊಳ, ಎರಡು ಹಂಸ, ದೂರದಲ್ಲಿ ಅರಮನೆ.

ಮೊದಲು ಒಪ್ಪಲಿಲ್ಲ. "ನಾನು ಯಾಕಮ್ಮ, ಮೊಮ್ಮಗನದು ತೆಗಿ" ಅಂದರು. ಯಾಶಿಕಾ ಚೀಲದಿಂದ ತೆಗೆದ ಮೇಲೆ ಮಾತೇ ಬದಲಾಯಿತು. ಕೈಗೆ ತೆಗೆದುಕೊಂಡು, ಮುಚ್ಚಳ ತೆರೆದು, ತಲೆ ಬಗ್ಗಿಸಿ ಗಾಜಿನೊಳಗೆ ನೋಡಿದರು. ಎಡ ಬಲ ಅದಲು ಬದಲು ಕಾಣುತ್ತಲ್ಲ, ಅವರ ಕೈ ತಾನಾಗಿ ಸರಿಯಾದ ಕಡೆಗೇ ತಿರುಗಿತು. "ಇದರಲ್ಲಿ ತಲೆ ಬಗ್ಗಿಸಿ ನಿಂತರೆ ಎದುರಿಗೆ ಕೂತವರಿಗೆ ಹೆದರಿಕೆ ಹೋಗುತ್ತೆ, ನಿನ್ನ ದೊಡ್ಡಪ್ಪ ಹೇಳಿಲ್ವಾ?" ಅಂದರು. ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು.

ಅರಳಿಕಟ್ಟೆ ಅವರು ಹೇಳಿದ ಹಾಗೆ ಎಲ್ಲ ಅವರಿಗೇ ಬಿಟ್ಟೆ. ಲೈಟ್ ಅವರೇ ಸರಿಸಿದರು, ಕುರ್ಚಿ ಬೇಡ ಅಂತ ಸ್ಟೂಲ್ ತಂದರು. ಗಲ್ಲ ಎಷ್ಟು ಎತ್ತಬೇಕು ಅಂತ ನನಗೆ ಹೇಳುವ ಹಾಗೆ ತಮಗೇ ಹೇಳಿಕೊಂಡರು. ಎರಡು ಗಂಟೆಯಲ್ಲಿ 11 ಫ್ರೇಮ್. ಪರದೆಯ ಬಣ್ಣದ್ದು ಫೋನಿನಲ್ಲೂ ತೆಗೆದೆ, ಲೆಕ್ಕದ ಮನುಷ್ಯ ಸರ್.

ಹನ್ನೆರಡನೆಯದು ಉಳಿದಿತ್ತು. ಅವರು ಎದ್ದು ಬಂದು ಕ್ಯಾಮೆರಾಗೆ ಕೈ ಚಾಚಿದರು. "ನೀನು ಕೂತ್ಕೋ ಅಲ್ಲಿ." ಕೂತೆ. ಹಂಸದ ಮುಂದೆ. ಅವರು ಬಂದು ನನ್ನ ಭುಜ ಸ್ವಲ್ಪ ಎಡಕ್ಕೆ ತಿರುಗಿಸಿ, ಹಿಂದೆ ಹೋಗಿ, ತಲೆ ಬಗ್ಗಿಸಿದರು. ಕ್ಲಿಕ್ ಅಂದಮೇಲೂ ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ.

ತುಂಗೆಯ_ದಡ

ಟಚಿಂಗ್ ಕೇಳಿದಿರಾ?

ಪರದೆ_ಮುಂದೆ

ಕೇಳಿದೆ. ಕಣ್ಣು ಮಂಜಾಗಿದೆ, ಪೊರೆಯ ಆಪರೇಷನ್ ಆಗಬೇಕು, ಆದಮೇಲೆ ನೆಗೆಟಿವ್ ತಗೊಂಡು ಬಾ ಅಂದಿದ್ದಾರೆ. ಡೆಸ್ಕು ಇನ್ನೂ ಅಟ್ಟದ ಮೇಲಿದೆಯಂತೆ.

ಕೆಂಪು_ಬಲ್ಬು

ರೀಲ್ ತೊಳೆದಾಯಿತಾ?

ಪರದೆ_ಮುಂದೆ

ಭಾನುವಾರ. ಡಿ-76 ತಂದಿದ್ದೇನೆ. ದೊಡ್ಡಪ್ಪ ಪಕ್ಕದಲ್ಲಿ ನಿಲ್ಲುತ್ತೇನೆ ಅಂದಿದ್ದಾರೆ, ಐಸ್ ಅವರೇ ತರುತ್ತಾರಂತೆ.